ಎಚ್ಚರಿಕೆಯ ಗಂಟೆಯನ್ನು ಯಾವಾಗ ಬಾರಿಸಬೇಕು?
ಗಣಕಯಂತ್ರದ ಜಾಲವ್ಯವಸ್ಥೆಯಲ್ಲಿ ಸ್ಮೃತಿಯ ಅಭಾವ: ಒಂದು ಪರಿಚಯ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಗಣಕ ವಿಜ್ಞಾನವನ್ನು ಕುರಿತು ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ, ಯಾವ ವಿಷಯವನ್ನು ಆರಿಸಿಕೊಳ್ಳಲಿ ಎಂದು ಕೆಲವು ದಿನ ಯೋಚಿಸಿದೆ. ಗಣಕಯಂತ್ರದ ಉಪಯೋಗಗಳನ್ನು ವಿವರಿಸಿ ಹೇಳುವ ಅಗತ್ಯ ಈಗ ಉಳಿದಿಲ್ಲ. ಪಡಿತರ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಸಂತೆಯಲ್ಲಿ ಸೊಪ್ಪು ಮಾರುವವರ ಕೈಯಲ್ಲಿರುವ ದೂರವಾಣಿಯಲ್ಲಿ ಅದು ನೆಲೆಸಿಬಿಟ್ಟಿದೆ. ಅದು ಸರಿಯಾಗಿ ನಡೆಯುವಾಗ ನಾವು ಅದರ ಬಗ್ಗೆ ಯೋಚಿಸುವುದಿಲ್ಲ. ಆದುದರಿಂದ ಅದು ಸಂಕಟಕ್ಕೆ ಸಿಕ್ಕಿದಾಗ ಒಳಗೆ ಏನು ನಡೆಯುತ್ತದೆ ಎಂಬ ಒಂದು ಚಿಕ್ಕ ವಿಷಯವನ್ನು ಆರಿಸಿಕೊಂಡಿದ್ದೇನೆ. ನನ್ನ ವೃತ್ತಿಯೇ ಇದಾದುದರಿಂದ, ನಾನು ಮಾಡಿದ ಒಂದು ತಪ್ಪನ್ನೂ ಇಲ್ಲಿ ಮುಚ್ಚಿಡದೆ ಹೇಳಿದ್ದೇನೆ.

ಪ್ರಶ್ನೆ ಇಷ್ಟೇ. ಜಾಲದ ಮೂಲಕ ಮಾಹಿತಿ ಬಂದು ಬೀಳುತ್ತಿರುವಾಗ ಅದನ್ನು ಇಟ್ಟುಕೊಳ್ಳಲು ಯಂತ್ರದಲ್ಲಿ ಜಾಗವಿಲ್ಲದೆ ಹೋದರೆ ಅದು ಏನು ಮಾಡಬೇಕು? ಕೂಗಿ ಹೇಳಬೇಕೆ, ಸುಮ್ಮನಿದ್ದು ಬೇರೆ ದಾರಿ ಹುಡುಕಬೇಕೆ?

ಕರ್ನಲ್ ಮತ್ತು ಸ್ಮೃತಿ

ಗಣಕಯಂತ್ರದ ಎಲ್ಲ ಕೆಲಸಗಳನ್ನೂ ಒಂದು ಹಿರಿಯ ಪ್ರೋಗ್ರಾಂ ನಿರ್ವಹಿಸುತ್ತದೆ. ಇದನ್ನು ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ಅದರ ತಿರುಳಿನ ಭಾಗವೇ ಕರ್ನಲ್. ಇಲ್ಲಿ ನಾನು ಉದಾಹರಣೆಗೆ ತೆಗೆದುಕೊಳ್ಳುವುದು ಲಿನಕ್ಸ್ ಎಂಬ ಕರ್ನಲನ್ನು. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಅದನ್ನು ಆರಂಭಿಸಿದರು. ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಇಂದು ಆಂಡ್ರಾಯ್ಡ್ ದೂರವಾಣಿಗಳ ಒಳಗಿರುವುದು ಇದೇ ಕರ್ನಲ್. ತಮಿಳುನಾಡು ಸರ್ಕಾರ 2011ರಲ್ಲಿ ಆರಂಭಿಸಿದ ಉಚಿತ ಲ್ಯಾಪ್‌ಟಾಪ್ ಯೋಜನೆಯ ಹಲವು ಯಂತ್ರಗಳಲ್ಲಿದ್ದ 'ಬಾಸ್' ಎಂಬ ಭಾರತೀಯ ವ್ಯವಸ್ಥೆಗೂ ಇದೇ ಆಧಾರ. ಗಡಿಯ ಇನ್ನೊಂದು ತುದಿಯ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಕೇರಳದ ಶಾಲಾ ಪಠ್ಯಕ್ರಮದಂತೆ ಲಿನಕ್ಸ್ ಮೇಲೆಯೇ ಗಣಕ ಶಿಕ್ಷಣ ಪಡೆಯುತ್ತಿದ್ದಾರೆ.

ಕರ್ನಲ್‌ನ ಮುಖ್ಯ ಹೊಣೆಗಳಲ್ಲಿ ಒಂದು, ಸ್ಮೃತಿಯನ್ನು ಹಂಚುವುದು. ಮೆಮೊರಿ ಎಂದು ಎಲ್ಲರೂ ಕರೆಯುವ ಈ ಸ್ಮೃತಿಯನ್ನು ಅದು ಸಮಾನ ಗಾತ್ರದ ಪುಟಗಳಾಗಿ ವಿಂಗಡಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಒಂದು ಪುಟವೆಂದರೆ 4,096 ಬೈಟ್. 8 ಗಿಗಾಬೈಟ್ ಸ್ಮೃತಿಯಿರುವ ಯಂತ್ರದಲ್ಲಿ ಇಂತಹ ಸುಮಾರು 21 ಲಕ್ಷ ಪುಟಗಳಿರುತ್ತವೆ. ಕೇಳಿದವರಿಗೆ ಪುಟ ಕೊಡುವುದು, ಅವರು ಹಿಂದಿರುಗಿಸಿದಾಗ ತೆಗೆದಿಡುವುದು, ಯಾರ ಬಳಿ ಏನಿದೆ ಎಂದು ಲೆಕ್ಕ ಇಡುವುದು, ಇವೆಲ್ಲ ಕರ್ನಲ್‌ನ ಉಗ್ರಾಣದ ಕೆಲಸ.

ಕಾಯಬಲ್ಲವರು, ಕಾಯಲಾರದವರು

ಉಗ್ರಾಣಕ್ಕೆ ಬರುವ ಬೇಡಿಕೆಗಳಲ್ಲಿ ಎರಡು ಬಗೆ. ಕೆಲವರು ಕಾಯಬಲ್ಲರು. ಅಂಥವರು ಕೇಳಿದಾಗ ಪುಟ ಇಲ್ಲದಿದ್ದರೆ, ಕರ್ನಲ್ ಅವರನ್ನು ನಿಲ್ಲಿಸಿ, ಹಳೆಯ ಕಡತಗಳ ಪ್ರತಿಗಳನ್ನು ತೆರವುಗೊಳಿಸಿ, ಜಾಗ ಮಾಡಿ ಕೊಡುತ್ತದೆ. ಇನ್ನು ಕೆಲವರು ಕಾಯಲಾರರು. ಜಾಲದಿಂದ ಬರುವ ಮಾಹಿತಿಯನ್ನು ಸ್ವೀಕರಿಸುವ ಭಾಗ ಈ ಎರಡನೆಯ ಗುಂಪಿಗೆ ಸೇರಿದ್ದು.

ಜಾಲದಲ್ಲಿ ಮಾಹಿತಿಯು ಪ್ಯಾಕೆಟ್ ಎಂಬ ಸಣ್ಣ ಸಣ್ಣ ಪೊಟ್ಟಣಗಳಾಗಿ ಚಲಿಸುತ್ತದೆಯಷ್ಟೆ. ಸಾಮಾನ್ಯ ಈಥರ್ನೆಟ್ ಜಾಲದಲ್ಲಿ ಒಂದು ಪೊಟ್ಟಣ ಹೆಚ್ಚೆಂದರೆ 1,500 ಬೈಟ್ ಸರಕನ್ನು ಹೊರುತ್ತದೆ. ಪೊಟ್ಟಣ ಬಂದು ಇಳಿಯಲು ಖಾಲಿ ಬುಟ್ಟಿಗಳನ್ನು ಮೊದಲೇ ಸಾಲಾಗಿ ಇಟ್ಟಿರಬೇಕು. ಒಂದು ಬುಟ್ಟಿ ತುಂಬಿದರೆ ಅದನ್ನು ಒಳಗೆ ಕಳುಹಿಸಿ, ಅದರ ಜಾಗಕ್ಕೆ ತಕ್ಷಣ ಹೊಸದನ್ನು ಇಡಬೇಕು. ಈ ಕೆಲಸ ಮಾಡುವಾಗ ಕರ್ನಲ್ ನಿದ್ರಿಸುವಂತಿಲ್ಲ, ಕಾಯುವಂತಿಲ್ಲ, ಏಕೆಂದರೆ ಹಿಂದೆ ಇನ್ನೂ ಸಾವಿರಾರು ಪೊಟ್ಟಣಗಳು ಬರುತ್ತಿರುತ್ತವೆ. ಹೀಗೆ ನಿಂತ ಕಾಲಲ್ಲಿ ಕೇಳುವ ಬೇಡಿಕೆಗೆ 'ಅಟಾಮಿಕ್' ಎಂಬ ಗುರುತು ಹಾಕುತ್ತಾರೆ. ಇಂಥವರಿಗಾಗಿ ಕರ್ನಲ್ ಸ್ವಲ್ಪ ಮೀಸಲು ಸ್ಮೃತಿಯನ್ನು ಇಟ್ಟಿರುತ್ತದೆ. ಆ ಮೀಸಲೂ ಮುಗಿದರೆ ಬೇಡಿಕೆ ವಿಫಲವಾಗಲೇಬೇಕು.

ಮದುವೆಯ ಪಂಕ್ತಿ

ಪುಟಗಳು ಧಾರಾಳವಾಗಿ ಖಾಲಿಯಿದ್ದರೂ ಬೇಡಿಕೆ ವಿಫಲವಾಗುವುದುಂಟು ಎಂದರೆ ಹೊಸಬರಿಗೆ ಆಶ್ಚರ್ಯವಾಗುತ್ತದೆ. ಮದುವೆಯ ಮನೆಯ ಊಟದ ಪಂಕ್ತಿಯನ್ನು ನೆನೆಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬೀಗರ ಕಡೆಯ ಎಂಟು ಮಂದಿ ಬಂದು, ಒಂದೇ ಸಾಲಿನಲ್ಲಿ ಒತ್ತಾಗಿ ಎಂಟು ಎಲೆ ಬೇಕು ಎನ್ನುತ್ತಾರೆ. ಊಟದ ಮನೆಯಲ್ಲಿ ನಲವತ್ತು ಎಲೆ ಖಾಲಿಯಿವೆ. ಆದರೆ ಇಲ್ಲೊಂದು, ಅಲ್ಲೆರಡು. ಎಂಟು ಒಟ್ಟಿಗೆ ಎಲ್ಲಿಯೂ ಇಲ್ಲ. ಜಾಗವಿದ್ದೂ ಜಾಗವಿಲ್ಲದ ಸ್ಥಿತಿ ಇದು. ಬಹಳ ದಿನ ಎಡೆಬಿಡದೆ ನಡೆದ ಯಂತ್ರದ ಸ್ಮೃತಿಯೂ ಹೀಗೆಯೇ ಚೂರುಚೂರಾಗಿರುತ್ತದೆ.

ಲಿನಕ್ಸ್ ಪುಟಗಳನ್ನು ಒಂದು, ಎರಡು, ನಾಲ್ಕು, ಎಂಟು ಹೀಗೆ ಇಮ್ಮಡಿಯಾಗುವ ಗುಂಪುಗಳಲ್ಲಿಯೇ ಕೊಡುತ್ತದೆ. ಈ ಪದ್ಧತಿಗೆ 'ಬಡ್ಡಿ' ಎಂದು ಹೆಸರು. ಸಾಲದ ಬಡ್ಡಿಯಲ್ಲ, ಜೊತೆಗಾರ ಎಂಬರ್ಥದ ಇಂಗ್ಲಿಷ್ ಪದ. ಜೋಡಿಯಾದ ಎರಡು ಗುಂಪುಗಳೂ ಖಾಲಿಯಾದರೆ ಅವು ಸೇರಿ ದೊಡ್ಡ ಗುಂಪಾಗುತ್ತವೆ. ಗುಂಪಿನ ಗಾತ್ರವನ್ನು 'ಆರ್ಡರ್' ಎಂಬ ಅಂಕಿಯಿಂದ ಸೂಚಿಸುತ್ತಾರೆ. ಆರ್ಡರ್ 0 ಎಂದರೆ ಒಂದು ಪುಟ, 1 ಎಂದರೆ ಎರಡು, 2 ಎಂದರೆ ನಾಲ್ಕು, 3 ಎಂದರೆ ಎಂಟು. ಕೆಲವು ಜಾಲಗಳಲ್ಲಿ 'ಜಂಬೋ' ಎಂಬ 9,000 ಬೈಟ್‌ಗಳ ದೊಡ್ಡ ಪೊಟ್ಟಣಗಳನ್ನು ಬಳಸುತ್ತಾರೆ. ಅದಕ್ಕೆ ಮೂರು ಪುಟ ಸಾಕು. ಆದರೆ ಅದನ್ನು ಒಂದೇ ಬುಟ್ಟಿಯಲ್ಲಿ ಇಡಬೇಕೆಂದರೆ, ಮೂರರ ಗುಂಪು ಇಲ್ಲವಾದುದರಿಂದ, ಒತ್ತಾಗಿರುವ ನಾಲ್ಕು ಪುಟಗಳನ್ನು ಕೇಳಬೇಕಾಗುತ್ತದೆ. ಅದೂ ನಿಂತ ಕಾಲಲ್ಲಿ. ಸೋಲು ಸಂಭವಿಸುವುದು ಇಂತಹ ಕಡೆ.

ಎಚ್ಚರಿಕೆಯಲ್ಲಿ ಏನಿರುತ್ತದೆ?

ಪುಟ ಕೊಡಲಾಗದಿದ್ದಾಗ ಕರ್ನಲ್ ಎರಡು ಕೆಲಸ ಮಾಡುತ್ತದೆ. ಕೇಳಿದವರಿಗೆ ಪುಟದ ವಿಳಾಸಕ್ಕೆ ಬದಲಾಗಿ ಸೊನ್ನೆಯನ್ನು ಕೊಡುತ್ತದೆ. ಜೊತೆಗೆ ದಿನಚರಿಯ ಕಡತದಲ್ಲಿ 'ಪೇಜ್ ಅಲೊಕೇಶನ್ ಫೇಲ್ಯೂರ್', ಅಂದರೆ ಪುಟ ಹಂಚಿಕೆ ವಿಫಲ, ಎಂಬ ದೀರ್ಘವಾದ ಎಚ್ಚರಿಕೆಯನ್ನು ಬರೆಯುತ್ತದೆ. ಆರ್ಡರ್ ಎಷ್ಟು, ಬೇಡಿಕೆ ಯಾವ ಬಗೆಯದು, ಯಾವ ಯಾವ ಭಾಗದ ಮೂಲಕ ಅದು ಬಂದಿತು, ಎಲ್ಲಿ ಎಷ್ಟು ಸ್ಮೃತಿ ಉಳಿದಿದೆ, ಇವೆಲ್ಲ ಅದರಲ್ಲಿರುತ್ತವೆ.

ಈ ಎಚ್ಚರಿಕೆಯ ಮೊದಲಲ್ಲಿ ಒಂದು ಪ್ರೋಗ್ರಾಂನ ಹೆಸರೂ ಇರುತ್ತದೆ. ಅನುಭವವಿಲ್ಲದವರು ಅದನ್ನೇ ಅಪರಾಧಿಯೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಪೊಟ್ಟಣ ಬಂದ ಕ್ಷಣದಲ್ಲಿ ಆ ಸಂಸ್ಕಾರಕದ ಮೇಲೆ ಯಾರು ಇದ್ದರೋ ಅವರ ಹೆಸರು ಅದು. ಎಷ್ಟೋ ಸಲ ಅಲ್ಲಿ 'ಸ್ವಾಪರ್' ಎಂಬ ಹೆಸರು ಕಾಣುತ್ತದೆ. ಬೇರೆ ಯಾವ ಕೆಲಸವೂ ಇಲ್ಲದಾಗ ಸುಮ್ಮನೆ ಕುಳಿತಿರುವ ಪ್ರೋಗ್ರಾಂ ಅದು. ಅಪಘಾತದ ಸ್ಥಳದಲ್ಲಿ ನಿಂತಿದ್ದ ದಾರಿಹೋಕನ ಹೆಸರನ್ನು ಬರೆದುಕೊಂಡಂತೆ ಇದು.

ಬಿಳಿಗುಂಡ್ಲುವಿನಿಂದ ಮೇಟೂರಿನವರೆಗೆ

ಎಲ್ಲ ಸೋಲಿಗೂ ಹೀಗೆ ಕೂಗುವುದು ಒಳ್ಳೆಯದೆ? ಇದಕ್ಕೆ ನಮ್ಮ ಕಾವೇರಿಯ ದಡದಲ್ಲಿಯೇ ಉತ್ತರವಿದೆ. ಕರ್ನಾಟಕದಿಂದ ಹರಿದುಬರುವ ನೀರನ್ನು ಗಡಿಯಲ್ಲಿರುವ ಬಿಳಿಗುಂಡ್ಲುವಿನಲ್ಲಿ ಅಳೆಯುತ್ತಾರೆ. ಹರಿವು ದಿನವೂ ಸ್ವಲ್ಪ ಏರುತ್ತದೆ, ಸ್ವಲ್ಪ ಇಳಿಯುತ್ತದೆ. ಅದನ್ನು ಕ್ಯೂಸೆಕ್ ಲೆಕ್ಕದಲ್ಲಿ ಬರೆದಿಡುತ್ತಾರೆಯೇ ಹೊರತು ಪ್ರತಿ ಏರಿಕೆಗೂ ಊರೂರಿಗೆ ಡಂಗುರ ಸಾರುವುದಿಲ್ಲ. ಹರಿವು ಅಪಾಯಕರವಾಗಿ ಹೆಚ್ಚಿದಾಗ ಮಾತ್ರ ಧರ್ಮಪುರಿ ಜಿಲ್ಲೆಯ ಹೊಗೇನಕಲ್‌ನಲ್ಲಿ ಸ್ನಾನವನ್ನೂ ಹರಿಗೋಲನ್ನೂ ನಿಷೇಧಿಸುತ್ತಾರೆ. ಇನ್ನೂ ಕೆಳಗೆ, ಸೇಲಂ ಜಿಲ್ಲೆಯಲ್ಲಿ, 1934ರಲ್ಲಿ ಪೂರ್ಣಗೊಂಡ ಮೇಟೂರು ಅಣೆಕಟ್ಟಿನ ಪೂರ್ಣ ಮಟ್ಟ 120 ಅಡಿ. ಅದು ತುಂಬಿದಾಗ ಹೆಚ್ಚಿನ ನೀರು ಹೋಗಲು ಹದಿನಾರು ಕಣ್ಣಿನ ಮದಗನ್ನು ಮೊದಲೇ ಕಟ್ಟಿಟ್ಟಿದ್ದಾರೆ. ಆಗ ದಡದವರಿಗೆ ಎಚ್ಚರಿಕೆ ಕೊಡುತ್ತಾರೆ, ಜನರೂ ಅದನ್ನು ಕೇಳುತ್ತಾರೆ. ದಿನವೂ ಕೂಗಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಮೂರು ನೀತಿಗಳು ಇಲ್ಲಿವೆ. ಚಿಕ್ಕ ಏರಿಳಿತವನ್ನು ಎಣಿಸಿಡಬೇಕು. ಹೆಚ್ಚುವರಿಗೆ ದಾರಿ ಮೊದಲೇ ಸಿದ್ಧವಿರಬೇಕು. ಮನುಷ್ಯರು ಏನನ್ನಾದರೂ ಮಾಡಬೇಕಾದಾಗ ಮಾತ್ರ ಗಂಟೆ ಬಾರಿಸಬೇಕು. ಲಿನಕ್ಸ್ ಜಾಲ ವಿಭಾಗವನ್ನು ಬರೆದವರು ವರ್ಷಗಳ ಅನುಭವದಿಂದ ಇದೇ ನೀತಿಗಳಿಗೆ ಬಂದಿದ್ದಾರೆ.

ಪರ್ಯಾಯವಿರುವಲ್ಲಿ ಮೌನ

ಬೇಡಿಕೆಯ ಜೊತೆಗೆ 'ನೋವಾರ್ನ್' ಎಂಬ ಸೂಚಕವನ್ನು ಸೇರಿಸಿದರೆ, ಅದು ವಿಫಲವಾದರೂ ಕರ್ನಲ್ ಎಚ್ಚರಿಕೆ ಬರೆಯುವುದಿಲ್ಲ. ವಿಫಲವಾದರೆ ಏನು ಮಾಡಬೇಕೆಂದು ನನಗೆ ಗೊತ್ತಿದೆ, ನೀವು ಕೂಗಬೇಡಿ ಎಂದು ಹೇಳಿದಂತೆ. ಹೊರಗೆ ಕಳುಹಿಸುವ ಮಾಹಿತಿಗಾಗಿ ಜಾಗ ಕೇಳುವಾಗ ಲಿನಕ್ಸ್ ಮೊದಲು ಈ ಸೂಚಕದೊಡನೆ 32 ಕಿಲೋಬೈಟ್, ಅಂದರೆ ಎಂಟು ಪುಟಗಳ ಗುಂಪನ್ನು ಕೇಳುತ್ತದೆ. ಸಿಕ್ಕಿದರೆ ವೇಗ ಹೆಚ್ಚು. ಸಿಗದಿದ್ದರೆ ಸದ್ದಿಲ್ಲದೆ ಒಂದೇ ಪುಟ ಕೇಳಿ ಕೆಲಸ ಮುಂದುವರಿಸುತ್ತದೆ. ಎಂಟು ಎಲೆ ಒಟ್ಟಿಗೆ ಇಲ್ಲವೆಂದರೆ ಒಬ್ಬೊಬ್ಬರಾಗಿ ಕುಳಿತು ಉಣ್ಣುವ ಸಮಾಧಾನದ ಬೀಗರು ಇವರು.

ಜಾಲದ ಪೊಟ್ಟಣಗಳನ್ನು ಪರೀಕ್ಷೆಗಾಗಿ ಹಿಡಿದಿಡುವ ಭಾಗ ಮೂರು ಬಾಗಿಲು ತಟ್ಟುತ್ತದೆ. ಮೊದಲು ಒತ್ತಾದ ಪುಟಗಳನ್ನು ಹೆಚ್ಚು ಶ್ರಮಪಡದೆ ಕೇಳುತ್ತದೆ. ಇಲ್ಲವೆಂದರೆ ಚದುರಿದ ಪುಟಗಳನ್ನೇ ಒಂದು ಪಟ್ಟಿಯ ಮೂಲಕ ಜೋಡಿಸಿ, ಸಾಲಾಗಿರುವಂತೆ ತೋರಿಸುವ 'ವಿಮ್ಯಾಲಕ್' ವಿಧಾನವನ್ನು ಬಳಸುತ್ತದೆ. ಅದೂ ಆಗದಿದ್ದರೆ, ಕಾದು ಶ್ರಮಪಟ್ಟು ಮತ್ತೊಮ್ಮೆ ಒತ್ತಾದ ಪುಟಗಳನ್ನು ಕೇಳುತ್ತದೆ. ಮೊದಲ ಬಾಗಿಲು ಮುಚ್ಚಿದ್ದಕ್ಕೇ ಕೂಗಾಡಿದರೆ ಅರ್ಥವಿಲ್ಲವಷ್ಟೆ. ಮೊದಲ ಎರಡು ಹೆಜ್ಜೆಗಳನ್ನು ಎಲ್ಲರೂ ಪ್ರತ್ಯೇಕವಾಗಿ ಬರೆಯುವ ಬದಲು, ಅವನ್ನು ಒಂದುಗೂಡಿಸಿದ 'ಕೆವಿಮ್ಯಾಲಕ್' ಎಂಬ ಸಾಮಾನ್ಯ ಸೌಲಭ್ಯವನ್ನು 2017ರಲ್ಲಿ ಕರ್ನಲ್‌ಗೆ ಸೇರಿಸಲಾಯಿತು. ದೊಡ್ಡ ಬೇಡಿಕೆಗಳಿಗೆ ಅದರ ಮೊದಲ ಪ್ರಯತ್ನವೂ ಮೌನವಾಗಿಯೇ ನಡೆಯುತ್ತದೆ.

ಪರ್ಯಾಯವಿಲ್ಲದ ಕಡೆಯೂ ಎಲ್ಲವೂ ಅನಾಹುತವಲ್ಲ. ಬರುತ್ತಿರುವ ಪೊಟ್ಟಣಕ್ಕೆ ಹೊಸ ಬುಟ್ಟಿ ಸಿಗದಿದ್ದರೆ, ಅದನ್ನು ಕೈಬಿಟ್ಟು ಹಳೆಯ ಬುಟ್ಟಿಯನ್ನೇ ಪುನಃ ಸಾಲಿನಲ್ಲಿಡಬಹುದು. ಕೈಬಿಟ್ಟ ಪೊಟ್ಟಣಗಳ ಎಣಿಕೆಯನ್ನು ಒಂದು ಹೆಚ್ಚಿಸುತ್ತಾರೆ. 1974ರಲ್ಲಿ ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ಪ್ರಕಟಿಸಿದ ವಿಚಾರದಿಂದ ಬೆಳೆದ ಟಿ.ಸಿ.ಪಿ. ನಿಯಮಾವಳಿಯಂತೆ, ತಲುಪದ ಪೊಟ್ಟಣವನ್ನು ಕಳುಹಿಸಿದವರು ಮತ್ತೆ ಕಳುಹಿಸುತ್ತಾರೆ. ನಾವು ಕಳುಹಿಸಿದ ಹಣ ಒಂದು ಕ್ಷಣ ತಡವಾಗಬಹುದು, ಕಳೆದುಹೋಗುವುದಿಲ್ಲ. ಎಣಿಕೆ ಮಾತ್ರ ತಪ್ಪಬಾರದು. ಬಿಳಿಗುಂಡ್ಲುವಿನ ದಾಖಲೆಯಂತೆ, ಮುಂದೆ ಕಾರಣ ಹುಡುಕುವವರಿಗೆ ಅದೇ ಆಧಾರ.

ಎಚ್ಚರಿಕೆಯೇ ಅಪಾಯವಾದಾಗ

ಇನ್ನೊಂದು ಬಗೆಯ ಎಚ್ಚರಿಕೆಯಿದೆ. ಸಾಮಾನ್ಯ ಸಂರಚನೆಯಲ್ಲಿ ಒಮ್ಮೆಗೆ ಕೇಳಬಹುದಾದ ಅತಿ ದೊಡ್ಡ ಗುಂಪು 1,024 ಪುಟಗಳದು, ಅಂದರೆ 4 ಮೆಗಾಬೈಟ್. ಅದನ್ನು ಮೀರಿ ಕೇಳಿದರೆ, ಇದು ಕರ್ನಲ್ ಬರೆದವರದೇ ತಪ್ಪಿರಬೇಕೆಂದು ಭಾವಿಸಿ ಅದು ಗಂಭೀರವಾದ ಎಚ್ಚರಿಕೆ ಕೊಡುತ್ತದೆ. ಇಂಥ ಎಚ್ಚರಿಕೆ ಬಂದೊಡನೆ ಯಂತ್ರವನ್ನೇ ನಿಲ್ಲಿಸಿಬಿಡುವ ಏರ್ಪಾಡನ್ನು ಕೆಲವರು ಮಾಡಿಕೊಂಡಿರುತ್ತಾರೆ. ಗಾತ್ರವನ್ನು ನಿರ್ಧರಿಸುವವರು ಕರ್ನಲ್ ಬರೆದವರಾಗಿದ್ದರೆ ಸರಿ. ಆದರೆ ಜಾಲ ವಿಭಾಗದ ಹಲವು ಪಟ್ಟಿಗಳ ಗಾತ್ರವನ್ನು ಹೇಳುವುದು ಬಳಕೆದಾರರ ಪ್ರೋಗ್ರಾಂ. ಅದು ಬೇಕೆಂದೇ ಅಸಂಬದ್ಧವಾದ ದೊಡ್ಡ ಅಂಕಿ ಕೊಟ್ಟರೆ? ಎಚ್ಚರಿಕೆಯ ಗಂಟೆ ಕಿಡಿಗೇಡಿಯ ಕೈಗೆ ಸಿಕ್ಕಂತಾಗುತ್ತದೆ.

2017ರಿಂದ 'ಸಿಜ್‌ಬಾಟ್' ಎಂಬ ಗೂಗಲ್ ಸಂಸ್ಥೆಯ ಸ್ವಯಂಚಾಲಿತ ಪರೀಕ್ಷಕ ಇಂತಹ ಅಸಂಬದ್ಧ ಬೇಡಿಕೆಗಳನ್ನು ಬಿಡುವಿಲ್ಲದೆ ಕರ್ನಲ್ ಮೇಲೆ ಪ್ರಯೋಗಿಸಿ ದೋಷಗಳನ್ನು ವರದಿ ಮಾಡುತ್ತಿದೆ. 2021ರಲ್ಲಿ ಟೋರ್ವಾಲ್ಡ್ಸ್ ಅವರು ಸುಮಾರು 2 ಗಿಗಾಬೈಟ್ ಮೀರಿದ ಕೆವಿಮ್ಯಾಲಕ್ ಬೇಡಿಕೆಗಳನ್ನು ನಿರಾಕರಿಸಿ ಎಚ್ಚರಿಸುವ ನಿಯಮವನ್ನು ತಂದರು. ಅಷ್ಟು ದೊಡ್ಡ ಬೇಡಿಕೆ ನ್ಯಾಯವಾಗಿಯೇ ಬರಬಹುದಾದ, ನಿರಾಕರಣೆಯನ್ನು ನಿಭಾಯಿಸಬಲ್ಲ ಕಡೆಗಳೂ ಇದ್ದುದರಿಂದ, ನೋವಾರ್ನ್ ಸೂಚಕವಿದ್ದರೆ ಮೌನವಾಗಿ ನಿರಾಕರಿಸುವಂತೆ 2022ರಲ್ಲಿ ತಿದ್ದುಪಡಿಯಾಯಿತು. ಸರಿಯಾದ ಕ್ರಮವೆಂದರೆ, ಹೊರಗಿನವರು ಕೊಟ್ಟ ಗಾತ್ರವನ್ನು ಮೊದಲೇ ಪರೀಕ್ಷಿಸುವುದು, ಮಿತಿಮೀರಿದ್ದರೆ ಕೇಳಿದವರಿಗೇ ನಿರಾಕರಣೆಯನ್ನು ತಿಳಿಸುವುದು. ಊರಿಗೆಲ್ಲ ಸಾರುವ ಅಗತ್ಯವಿಲ್ಲ.

ನಾನು ಮಾಡಿದ ತಪ್ಪು

ಇಷ್ಟು ಓದಿದವರಿಗೆ, ಹಾಗಾದರೆ ಎಲ್ಲ ಕಡೆಯೂ ಈ ಮೌನದ ಸೂಚಕವನ್ನು ಹಾಕಿಬಿಡಬಹುದಲ್ಲ ಎನ್ನಿಸಬಹುದು. ವೃತ್ತಿಯ ಆರಂಭದಲ್ಲಿ ನನಗೂ ಹಾಗೆಯೇ ಅನ್ನಿಸಿತು. ನಾನು ಕೆಲಸ ಮಾಡುತ್ತಿದ್ದ ಕಡೆ ರಾತ್ರಿಯ ವೇಳೆ ಯಂತ್ರಗಳ ದಿನಚರಿ ಈ ಎಚ್ಚರಿಕೆಗಳಿಂದ ತುಂಬಿಹೋಗುತ್ತಿತ್ತು. ನಮ್ಮ ಜಾಲ ವಿಭಾಗದ ಬರಹದಲ್ಲಿ ನಾಲ್ಕು ಕಡೆ ಸ್ಮೃತಿಯನ್ನು ಕೇಳಲಾಗುತ್ತಿತ್ತು. ಮೂರು ಕಡೆ, ವಿಫಲವಾದರೆ ಏನು ಮಾಡಬೇಕೆಂಬುದು ಬರೆದಿತ್ತು. ನಾಲ್ಕನೆಯದರಲ್ಲಿ ಇರಲಿಲ್ಲ. ನಾನು ಅದನ್ನು ಓದಿ ನೋಡದೆ ನಾಲ್ಕಕ್ಕೂ ಸೂಚಕವನ್ನು ಸೇರಿಸಿದೆ. ದಿನಚರಿ ಶುಭ್ರವಾಯಿತು, ಎಲ್ಲರೂ ಮೆಚ್ಚಿದರು.

ಕೆಲವು ವಾರಗಳ ನಂತರ ಒಂದು ರಾತ್ರಿ ಯಂತ್ರ ಇದ್ದಕ್ಕಿದ್ದಂತೆ ನಿಂತುಹೋಯಿತು. ನಾಲ್ಕನೆಯ ಬೇಡಿಕೆ ವಿಫಲವಾಗಿ ಸೊನ್ನೆ ಬಂದಿತ್ತು. ಅದನ್ನೇ ವಿಳಾಸವೆಂದು ತಿಳಿದು ಕರ್ನಲ್ ಅಲ್ಲಿ ಬರೆಯಲು ಹೋಗಿತ್ತು. ಸ್ಮೃತಿಯ ಅಭಾವವೇ ಮೂಲವೆಂದು ಸೂಚಿಸುವ ಒಂದು ಸಾಲೂ ದಿನಚರಿಯಲ್ಲಿರಲಿಲ್ಲ, ಏಕೆಂದರೆ ಅದನ್ನು ಅಳಿಸಿದವನು ನಾನೇ. ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಅಂದು ಒಬ್ಬ ಹಿರಿಯ ಸಹೋದ್ಯೋಗಿ ಕೋಪಿಸಿಕೊಳ್ಳದೆ ಹೇಳಿದ ಮಾತು ಇಂದಿಗೂ ನೆನಪಿದೆ: "ಗಂಟೆಯ ನಾಲಗೆಯನ್ನು ಕಿತ್ತರೆ ಬೆಂಕಿ ಆರುವುದಿಲ್ಲಪ್ಪ."

ಆದುದರಿಂದ ನಿಯಮವನ್ನು ಹೀಗೆ ಹೇಳಬಹುದು. ಸೋಲನ್ನು ನಿಭಾಯಿಸಿದ ಮೇಲೆ ಎಚ್ಚರಿಕೆಯನ್ನು ನಿಲ್ಲಿಸಬಹುದು. ನಿಭಾಯಿಸದೆ ನಿಲ್ಲಿಸಬಾರದು. ನಿಭಾಯಿಸಿದ್ದೇವೆಯೇ ಎಂದು ಪರೀಕ್ಷಿಸಲು ಕರ್ನಲ್‌ನಲ್ಲಿಯೇ ಒಂದು ಸೌಲಭ್ಯವಿದೆ. ಸ್ಮೃತಿ ಸಾಕಷ್ಟಿದ್ದರೂ ಬೇಕೆಂದೇ ಕೆಲವು ಬೇಡಿಕೆಗಳನ್ನು ವಿಫಲಗೊಳಿಸಿ, ಬರಹ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಬಹುದು. ನಮ್ಮ ಶಾಲೆಗಳಲ್ಲಿ ಬೆಂಕಿ ಬೀಳುವ ಮೊದಲೇ ಮಕ್ಕಳನ್ನು ಸಾಲಾಗಿ ಹೊರಗೆ ಕರೆತರುವ ಅಭ್ಯಾಸ ಮಾಡಿಸುವಂತೆ.

ಯಂತ್ರಗಳನ್ನು ನೋಡಿಕೊಳ್ಳುವವರಿಗೆ

ನಮ್ಮ ಊರುಗಳ ಎಷ್ಟೋ ಯುವಕ ಯುವತಿಯರು ಬೆಂಗಳೂರು, ಹೊಸೂರು, ಸೇಲಂಗಳಲ್ಲಿ ಇಂತಹ ಯಂತ್ರಗಳ ಉಸ್ತುವಾರಿ ನೋಡುತ್ತಿದ್ದಾರೆ. ಅವರಿಗಾಗಿ ಎರಡು ಮಾತು. ಎಚ್ಚರಿಕೆ ಕಂಡರೆ ಮೊದಲು ಆರ್ಡರ್ ಅಂಕಿಯನ್ನು ನೋಡಿ. ಅದು 2 ಅಥವಾ 3 ಆಗಿದ್ದು, ಅಪರೂಪಕ್ಕೊಮ್ಮೆ ಬಂದಿದ್ದು, ಕೈಬಿಟ್ಟ ಪೊಟ್ಟಣಗಳ ಎಣಿಕೆ ಏರದಿದ್ದರೆ, ಸ್ಮೃತಿ ಚೂರಾಗಿರುವುದರ ಲಕ್ಷಣವಷ್ಟೆ. ಆರ್ಡರ್ 0 ಆಗಿದ್ದರೆ ಒಂದು ಪುಟವೂ ಸಿಗಲಿಲ್ಲವೆಂದು ಅರ್ಥ. ಅದು ಮತ್ತೆ ಮತ್ತೆ ಬಂದರೆ ಉದಾಸೀನ ಮಾಡಬೇಡಿ. ಕನಿಷ್ಠ ಖಾಲಿ ಸ್ಮೃತಿಯ ಮಿತಿಯನ್ನು ಸ್ವಲ್ಪ ಏರಿಸಿ ಮೀಸಲನ್ನು ಹೆಚ್ಚಿಸಬಹುದು. ಅದರಿಂದಲೂ ನಿಲ್ಲದಿದ್ದರೆ, ಸ್ಮೃತಿಯನ್ನು ಯಾರು ತಿನ್ನುತ್ತಿದ್ದಾರೆ ಎಂದು ಹುಡುಕಲೇಬೇಕು. ಎಚ್ಚರಿಕೆಯಲ್ಲಿರುವ ಹೆಸರನ್ನು ನೋಡಿ ನಿರಪರಾಧಿಯನ್ನು ದೂಷಿಸದಿರಿ.

ಈ ವಿಷಯವನ್ನು ಕನ್ನಡದಲ್ಲಿ ಬರೆಯಲು ಸಾಧ್ಯವೆ ಎಂಬ ಅಳುಕು ಆರಂಭದಲ್ಲಿ ನನಗಿತ್ತು. ಬರೆಯುತ್ತ ಹೋದಂತೆ ಉಗ್ರಾಣ, ಪಂಕ್ತಿ, ಮದಗು, ಡಂಗುರ ಎಂಬ ಮಾತುಗಳು ತಾವಾಗಿಯೇ ಕೈಗೆ ಬಂದವು. ಗಡಿಯಲ್ಲಿದ್ದೂ ನಮಗೆ ಈ ಮಾತುಗಳನ್ನು ಕೊಟ್ಟದ್ದು ನಮ್ಮ ಮನೆಗಳು ಮತ್ತು ಈ ಶಾಲೆ. ತಪ್ಪು ಲೆಕ್ಕವನ್ನು ಅಳಿಸಿಹಾಕದೆ, ಎಲ್ಲಿ ತಪ್ಪಿತೆಂದು ಕಂಡುಕೊಂಡು ಪಕ್ಕದಲ್ಲಿ ಸರಿಯಾಗಿ ಬರೆಯಬೇಕೆಂದು ಕಲಿಸಿದವರು ಇಲ್ಲಿಯ ಗುರುಗಳು. ಅದನ್ನು ಮರೆತ ಒಂದು ದಿನ ನಾನು ಸೋತೆ. ಐವತ್ತು ವರ್ಷಗಳನ್ನು ಪೂರೈಸಿರುವ ಈ ವಿದ್ಯಾಸಂಸ್ಥೆ ಇನ್ನೂ ಅನೇಕ ತಲೆಮಾರುಗಳ ಮಕ್ಕಳಿಗೆ ಅದನ್ನು ಕಲಿಸುತ್ತಿರಲಿ, ಅದರ ಗಂಟೆ ಹೊತ್ತಿಗೆ ಸರಿಯಾಗಿ ಮೊಳಗುತ್ತಿರಲಿ ಎಂದು ಹಳೆಯ ವಿದ್ಯಾರ್ಥಿಯೊಬ್ಬನ ಹಾರೈಕೆ.